ಹದಿನೆಂಟು ಲಕ್ಷದ ಅರ್ಧ ಗಂಟೆ

"ಇನ್ಮೇಲೆ ಈ ಮನೆಯಿಂದ ಯಾವ ಕಾರ್ಯಕ್ಕೂ ಒಂದು ಮಿಲಿಸೆಕೆಂಡ್ ಕೂಡ ತಡವಾಗಿ ಹೋಗಲ್ಲ!" ಎಂದು ಶಿವಪ್ರಸಾದ್ ಭಾನುವಾರ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಘೋಷಿಸಿಬಿಟ್ಟ.

ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳಿಗೆ ಟೈಮರ್ ಇಡುವುದು ಅವನ ಕೆಲಸ. ಯಾವ ಯಂತ್ರ ಎಷ್ಟು ಹೊತ್ತು ಒತ್ತಬೇಕು, ಯಾವಾಗ ಮೇಲೇಳಬೇಕು ಎಂಬುದೆಲ್ಲ ಅಲ್ಲಿ ಮಿಲಿಸೆಕೆಂಡಿನ ಲೆಕ್ಕ. ಸಾವಿರ ಮಿಲಿಸೆಕೆಂಡ್ ಸೇರಿದರೆ ಒಂದು ಸೆಕೆಂಡ್. ಹನ್ನೆರಡು ವರ್ಷ ಅದರಲ್ಲೇ ಮುಳುಗಿ ಅವನಿಗೆ ನಿಮಿಷ, ಗಂಟೆಗಳೆಲ್ಲ ಸೋಮಾರಿಗಳ ಅಳತೆಯಾಗಿ ಕಾಣತೊಡಗಿದ್ದವು. ಇಡ್ಲಿ ಬೇಯಲು ಎಷ್ಟು ಹೊತ್ತು ಎಂದರೆ "ಏಳು ಲಕ್ಷದ ಇಪ್ಪತ್ತು ಸಾವಿರ" ಎನ್ನುತ್ತಿದ್ದ. ಹೆಂಡತಿ ಶೀಲಾ ಕೇಳುವುದನ್ನೇ ಬಿಟ್ಟಿದ್ದಳು.

ಅವತ್ತು ಶೀಲಾಳ ತಂಗಿ ಇಂಪನಾಳ ನಿಶ್ಚಿತಾರ್ಥ. ಭದ್ರಾವತಿಯ ಕಾಗದನಗರದ ತವರುಮನೆಯಲ್ಲಿ ಹನ್ನೊಂದರಿಂದ ಹನ್ನೊಂದೂವರೆಯೊಳಗೆ ಉಂಗುರ ಬದಲಾಯಿಸಬೇಕು. ಗಂಡಿಗೆ ಹಾಕುವ ಉಂಗುರವನ್ನು ಮಾವ ಕಲ್ಲಪ್ಪನವರು ಶಿವಮೊಗ್ಗದ ಗಾಂಧಿ ಬಜಾರಿನಲ್ಲೇ ಮಾಡಿಸಿ, ತರುವ ಜವಾಬ್ದಾರಿಯನ್ನು ಹಿರಿಯ ಅಳಿಯನಿಗೆ ಒಪ್ಪಿಸಿದ್ದರು. "ನಿಮ್ಮ ಕೈಲಿದ್ರೆ ನಂಗೆ ನೆಮ್ಮದಿಯಾಗಿ ನಿದ್ದೆ ಬರುತ್ತೆ ಅಳಿಯಂದ್ರೆ" ಎಂದಿದ್ದರು. ಆ ಒಂದು ಮಾತಿಗೆ ಶಿವಪ್ರಸಾದನ ಎದೆ ಎರಡು ಇಂಚು ಉಬ್ಬಿತ್ತು.

ಎಂಟು ಗಂಟೆಗೆ ಅವನು ತನ್ನ ಮಹಾ ಆವಿಷ್ಕಾರವನ್ನು ಹಾಲಿಗೆ ಹೊತ್ತು ತಂದ. ಮೂರು ಮಿಲಿಮೀಟರ್ ದಪ್ಪದ ಉಕ್ಕಿನ ಪೆಟ್ಟಿಗೆ! ಸುತ್ತ ವೆಲ್ಡಿಂಗ್, ಮೇಲೊಂದು ಬಾಗಿಲು, ಬಾಗಿಲಲ್ಲಿ ಅಂಕಿ ಒತ್ತುವ ಗುಂಡಿಗಳು, ಒಂದು ಪುಟ್ಟ ಪರದೆ.

"ಮೊಬೈಲ್ ಇದರೊಳಗೆ ಹಾಕು. ಅರ್ಧ ಗಂಟೆ ಬೀಗ. ಅಷ್ಟರಲ್ಲಿ ಸ್ನಾನ, ಸೀರೆ, ಹೂವು ಎಲ್ಲ ಮುಗೀಬೇಕು. ಪ್ರತಿ ಸಲ ನಿನ್ನ ವಾಟ್ಸಾಪಿನಿಂದಲೇ ತಡ ಆಗೋದು."

"ಮಧ್ಯದಲ್ಲಿ ಯಾರಾದ್ರೂ ಫೋನ್ ಮಾಡಿದ್ರೆ?"

"ಬೀಗದ ಕೈ ಇಲ್ಲ, ರೀಸೆಟ್ ಇಲ್ಲ, ಕರೆಂಟ್ ಹೋದ್ರೂ ಒಳಗೆ ಬ್ಯಾಟರಿ ಇದೆ. ಹೊತ್ತು ಮುಗಿಯೋವರೆಗೆ ಮಾಡಿದ ನಾನೇ ಬಂದ್ರೂ ತೆಗಿಯಲ್ಲ!"

ಶೀಲಾ ತನ್ನ ಮೊಬೈಲ್ ಹಾಕಿದಳು. ಅವನೂ ತನ್ನದನ್ನು ಹಾಕಿದ. ಆಮೇಲೆ ಉಂಗುರದ ಡಬ್ಬಿಯನ್ನೂ ಎತ್ತಿಕೊಂಡ.

"ರೀ, ಅದ್ಯಾಕೆ? ನನ್ನ ಪರ್ಸಲ್ಲಿ ಇರ್ಲಿ ಬಿಡಿ."

"ಪರ್ಸಾ! ಊರಲ್ಲೇ ಇದಕ್ಕಿಂತ ಭದ್ರವಾದ ಜಾಗ ಇದ್ಯಾ ಮಾರಾಯ್ತಿ?"

ಡಬ್ಬಿ ಒಳಗೆ ಹೋಯಿತು. ಅರ್ಧ ಗಂಟೆ ಎಂದರೆ ಹದಿನೆಂಟು ಲಕ್ಷ ಮಿಲಿಸೆಕೆಂಡ್. ಅವನ ಬೆರಳು ತಾನಾಗಿಯೇ ಒಂದು, ಎಂಟು, ಐದು ಸೊನ್ನೆ ಒತ್ತಿತು. ಖಟ್ ಎಂದು ಬೀಗ ಬಿತ್ತು.

ಎಂಟೂವರೆಗೆ ಇಬ್ಬರೂ ಮದುಮಕ್ಕಳ ಹಾಗೆ ಸಿದ್ಧರಾಗಿ ಪೆಟ್ಟಿಗೆಯ ಮುಂದೆ ನಿಂತರು. ಪೆಟ್ಟಿಗೆ ತೆರೆದುಕೊಳ್ಳಲಿಲ್ಲ. ಪರದೆಯ ಮೇಲೆ 1798200 ಎಂದಿತ್ತು.

"ಸ್ವಲ್ಪ ನಿಧಾನ ಇರಬೇಕು" ಎಂದ ಶಿವಪ್ರಸಾದ್.

ಶೀಲಾ ಬಗ್ಗಿ ನೋಡಿದಳು. "ರೀ, ಇದು ಒಂದೊಂದೇ ಇಳೀತಿದೆ. ನಿಮ್ಮ ಮಿಲಿಸೆಕೆಂಡ್ ಆಗಿದ್ರೆ ಅಂಕಿ ಕಣ್ಣಿಗೆ ಕಾಣಬಾರದಿತ್ತು ಅಲ್ವಾ? ಇದು ಸೆಕೆಂಡ್ ಎಣಿಸ್ತಿದೆ!"

ಟೈಮರ್ ಜೊತೆ ಬಂದಿದ್ದ ಕಾಗದವನ್ನು ಓದದೆ ಮುದುರಿ ಎಸೆದದ್ದು ಅವನೇ. ಕಸದ ಬುಟ್ಟಿಗೆ ಕೈ ಹಾಕಿ, ಕಾಫಿ ಚರಟ ಒರೆಸಿ ಓದಿದ. ಮೊದಲ ಸಾಲಿನಲ್ಲೇ ಇತ್ತು: ಎಲ್ಲ ಅಂಕಿಗಳೂ ಸೆಕೆಂಡಿನಲ್ಲಿ.

ಶೀಲಾ ನಿಶ್ಚಿತಾರ್ಥದ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲೇ ಲೆಕ್ಕ ಹಾಕಿದಳು. ಹದಿನೆಂಟು ಲಕ್ಷ ಸೆಕೆಂಡ್ ಎಂದರೆ ಮೂವತ್ತು ಸಾವಿರ ನಿಮಿಷ. ಅಂದರೆ ಐನೂರು ಗಂಟೆ. ಅಂದರೆ ಇಪ್ಪತ್ತು ದಿನ, ಇಪ್ಪತ್ತು ಗಂಟೆ!

"ಉಂಗುರ ಮುಂದಿನ ತಿಂಗಳು ಸಿಗುತ್ತೆ" ಎಂದಳು. ಅವಳ ದನಿ ನಡುಗುತ್ತಿತ್ತು. ಕೋಪಕ್ಕೋ ಅಳುವಿಗೋ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

ಅಷ್ಟರಲ್ಲಿ ಪೆಟ್ಟಿಗೆಯೊಳಗೆ ಮೊಬೈಲ್ ಹೊಡೆದುಕೊಂಡಿತು. ಶೀಲಾಳ ಅಪ್ಪನ ರಿಂಗ್‌ಟೋನು. ಗಂಡಹೆಂಡತಿ ಇಬ್ಬರೂ ಉಕ್ಕಿನ ಎರಡು ಪಕ್ಕಕ್ಕೆ ಕಿವಿಯಿಟ್ಟು ಅದು ನಿಲ್ಲುವವರೆಗೂ ಕೇಳಿದರು.

"ಪಕ್ಕದ ಮನೆಯಿಂದ ಫೋನ್ ಮಾಡೋಣ. ನಿಮ್ಮಪ್ಪನ ನಂಬರ್ ಹೇಳು."

"ಒಂಬತ್ತು ನಾಲ್ಕು ನಾಲ್ಕು... ಆಮೇಲೆ ನಂಗೇನ್ರೀ ಗೊತ್ತು? 'ಅಪ್ಪ' ಅಂತ ಒತ್ತಿದ್ರೆ ಹೋಗುತ್ತೆ!"

ಕಾರಿನ ಹಿಂದಿನ ಸೀಟಿನಲ್ಲಿ ಪೆಟ್ಟಿಗೆ, ಮುಂದೆ ಸಿಂಗರಿಸಿಕೊಂಡ ದಂಪತಿ. ಒಂಬತ್ತೂವರೆಗೆ ಮಾಚೇನಹಳ್ಳಿ. ಭಾನುವಾರ ಬೀಗ ಹಾಕಿದ್ದ ಕಾರ್ಖಾನೆಯನ್ನು ಕಾವಲುಗಾರನ ಕೈಕಾಲು ಹಿಡಿದು ತೆಗೆಸಿದ. ರೇಷ್ಮೆ ಶರ್ಟಿನ ಮೇಲೆ ಎಪ್ರನ್ ಕಟ್ಟಿಕೊಂಡು, ಕಪ್ಪು ಕನ್ನಡಕ ಏರಿಸಿ, ಗ್ರೈಂಡರ್ ಎತ್ತಿದ. ಕಿಡಿ ಹಾರುವ ಹೊತ್ತಿಗೆ ಶೀಲಾ ಕಿರುಚಿದಳು.

"ನಿಲ್ಸಿ! ಒಳಗೆ ಮೊಬೈಲ್ ಇದೆ! ಬಿಸಿಗೆ ಬ್ಯಾಟರಿ ಸಿಡಿದ್ರೆ ಉಂಗುರಾನೂ ಇಲ್ಲ, ನೀವೂ ಇಲ್ಲ!"

ಗ್ರೈಂಡರ್ ನಿಂತಿತು. ಕೈಗರಗಸ ಹಿಡಿದ. ಮುಕ್ಕಾಲು ಗಂಟೆ ಉಜ್ಜಿದ ಮೇಲೆ ವೆಲ್ಡಿಂಗಿನ ಮೇಲೆ ಉಗುರು ಗೀರಿದಷ್ಟು ಗುರುತಾಯಿತು.

"ಎಷ್ಟು ಗಟ್ಟಿಯಾಗಿ ಮಾಡಿದೀನಿ ನೋಡು" ಎಂದು ಅಭ್ಯಾಸಬಲದಿಂದ ಅಂದೇಬಿಟ್ಟ. ಶೀಲಾ ನೋಡಿದ ನೋಟಕ್ಕೆ ಗರಗಸ ತಾನಾಗಿ ಕೈಯಿಂದ ಜಾರಿತು. ಒಳಗೆ ಅಪ್ಪನ ಫೋನು ಏಳನೇ ಸಲ ಹೊಡೆದುಕೊಳ್ಳುತ್ತಿತ್ತು.

ಹನ್ನೊಂದು ಗಂಟೆಗೆ ಸರಿಯಾಗಿ ಶಿವಪ್ರಸಾದ್ ಕಾಗದನಗರದ ಮನೆಗೆ ಕಾಲಿಟ್ಟ. ಜೀವನದಲ್ಲಿ ಮೊದಲ ಸಲ ಹೇಳಿದ ಹೊತ್ತಿಗೆ ಬಂದಿದ್ದ, ಆದರೆ ಅದಕ್ಕೆ ಸಂತೋಷಪಡುವ ಭಾಗ್ಯ ಇರಲಿಲ್ಲ. ಹಜಾರ ತುಂಬ ಬೀಗರು. ಹುಡುಗ ಜಯಕುಮಾರ್ ಮಣೆಯ ಮೇಲೆ ಕೂತಾಗಿತ್ತು, ಎದುರಿಗೆ ಇಂಪನಾ.

"ಎಷ್ಟು ಸಲ ಫೋನ್ ಮಾಡೋದು ಅಳಿಯಂದ್ರೆ! ತಗಳ್ಳಿ, ಉಂಗುರ ತಟ್ಟೆಗಿಡಿ" ಎಂದರು ಕಲ್ಲಪ್ಪ.

ಶಿವಪ್ರಸಾದ್ ಪೆಟ್ಟಿಗೆಯನ್ನೇ ತಟ್ಟೆಯ ಪಕ್ಕ ಇಟ್ಟ. ಮೂವತ್ತು ಜನ ಬಗ್ಗಿ ನೋಡಿದರು.

"ಉಂಗುರ ಇದರೊಳಗೇ ಇದೆ ಮಾವ. ಬೀಗಕ್ಕೆ ಟೈಮ್ ಇಟ್ಟಿದೀನಿ. ಇನ್ನು... ಇನ್ನು ಕೆಲವು ಸೆಕೆಂಡ್ ಬಾಕಿ ಇದೆ."

"ಓ, ಸೆಕೆಂಡಾ!" ಎಂದು ನಕ್ಕರು ಹುಡುಗನ ತಂದೆ ಭೈರಪ್ಪ. "ಕಾಯೋಣ ಬಿಡಿ. ಸೆಕೆಂಡಿಗೆಲ್ಲ ಯಾರು ಗಾಬರಿ ಆಗ್ತಾರೆ!"

ಎಲ್ಲರೂ ಆರಾಮವಾಗಿ ಕೂತರು. ಅತ್ತೆ ಹೂವಮ್ಮ ಕಾಫಿ ತಂದರು. ಐದು ನಿಮಿಷವಾಯಿತು. ಹತ್ತು ನಿಮಿಷವಾಯಿತು. ಪುರೋಹಿತರು ಗಡಿಯಾರ ನೋಡಿ ಕೆಮ್ಮಿದರು.

"ಎಷ್ಟು ಸೆಕೆಂಡ್ ಅಂದ್ರಿ?"

"ಹದಿನೇಳು ಲಕ್ಷದ ಎಂಬತ್ತೆಂಟು ಸಾವಿರ ಚಿಲ್ಲರೆ" ಎಂದು ಶಿವಪ್ರಸಾದ್ ನೆಲ ನೋಡುತ್ತ ಹೇಳಿದ.

ಯಾರಿಗೂ ಅರ್ಥವಾಗಲಿಲ್ಲ. ಶೀಲಾಳೇ ಬಾಯಿಬಿಟ್ಟಳು. "ಇಪ್ಪತ್ತು ದಿನ, ಹದಿನಾರೂ ಮುಕ್ಕಾಲು ಗಂಟೆ ಅಪ್ಪ."

ಭೈರಪ್ಪನವರ ನಗು ಅರ್ಧಕ್ಕೇ ನಿಂತಿತು. ಇಂಪನಾಳ ಕಣ್ಣು ತುಂಬಿಕೊಂಡಿತು. "ಉಂಗುರಾನೇ ಇಲ್ದೆ ಕರೆಸಿದ್ರಾ ನಮ್ಮನ್ನ?" ಎಂದು ಬೀಗರ ಕಡೆಯಿಂದ ಒಂದು ದನಿ ಎದ್ದಿತು. ಗಡಿಯಾರದಲ್ಲಿ ಹನ್ನೊಂದೂ ಕಾಲು.

ಕಲ್ಲಪ್ಪ ತಮ್ಮ ಎಡಗೈ ಮುಂದೆ ಚಾಚಿದರು. ಮೂವತ್ತಾರು ವರ್ಷದ ಹಿಂದೆ ಅವರ ಮದುವೆಯಲ್ಲಿ ಹಾಕಿದ್ದ ಉಂಗುರ ಆ ಬೆರಳಲ್ಲಿ ಊರಿಹೋಗಿತ್ತು. "ಕೊಬ್ಬರಿ ಎಣ್ಣೆ ತಾ" ಎಂದರು ಹೆಂಡತಿಗೆ.

ಎಣ್ಣೆ ಬಂತು. ಹೂವಮ್ಮ ಸವರಿದರು, ಎಳೆದರು. ಉಂಗುರ ಗೆಣ್ಣಿನ ಹತ್ತಿರ ಬಂದು ಹಠ ಹಿಡಿಯಿತು. ಹನ್ನೊಂದೂ ಇಪ್ಪತ್ತು. ಬೆರಳು ಕೆಂಪಾಯಿತು. ಹನ್ನೊಂದೂ ಇಪ್ಪತ್ತೈದು. ಕಲ್ಲಪ್ಪ ಹಲ್ಲು ಕಚ್ಚಿಕೊಂಡು ತಾವೇ ಒಂದು ಸಲ ತಿರುಚಿ ಎಳೆದರು. ಚರ್ಮ ತರಚಿಕೊಂಡು ಉಂಗುರ ಕೈಗೆ ಬಂತು. ಅದನ್ನು ಪಂಚೆಯಂಚಿನಲ್ಲಿ ಒರೆಸಿ ಮಗಳ ಕೈಗಿಟ್ಟರು. ಹನ್ನೊಂದೂ ಇಪ್ಪತ್ತೆಂಟಕ್ಕೆ ಇಂಪನಾ ಅದನ್ನು ಜಯಕುಮಾರನ ಬೆರಳಿಗೆ ಹಾಕಿದಳು. ಭೈರಪ್ಪನವರು ಎದ್ದು ಬಂದು ಕಲ್ಲಪ್ಪನವರ ಎಣ್ಣೆಗೈಯನ್ನೇ ಹಿಡಿದುಕೊಂಡರು.

ಶಿವಪ್ರಸಾದ್ ಊಟದ ಎಲೆಯ ಮುಂದೆ ಕೂತ. ಮಾವನ ಬೋಳು ಬೆರಳು, ಅದರ ಮೇಲಿನ ಕೆಂಪು ಗೀರು ಕಣ್ಣಿಗೆ ಚುಚ್ಚುತ್ತಿದ್ದವು. ಕೊನೆಗೆ ಎದ್ದು ಹೋಗಿ ಅವರ ಕಾಲಿಗೆ ಬಿದ್ದ.

"ತಪ್ಪಾಯ್ತು ಮಾವ. ನನ್ನ ಜಂಬಕ್ಕೆ ನಿಮ್ಮ ಉಂಗುರ ಹೋಯ್ತು. ಮದುವೆಗೆ ಏನೇ ಜವಾಬ್ದಾರಿ ಇದ್ರೂ ನಂಗೆ ಹೇಳಿ. ಏನು ತರಬೇಕು ಹೇಳಿ, ತಂದೇ ತರ್ತೀನಿ!"

ಕಲ್ಲಪ್ಪ ಅವನ ತೋಳು ಹಿಡಿದು ಎಬ್ಬಿಸಿದರು. ಬಹಳ ಪ್ರೀತಿಯಿಂದ ಬೆನ್ನು ತಟ್ಟಿದರು.

"ಬನ್ನಿ ಅಳಿಯಂದ್ರೆ, ಖಂಡಿತ ಬನ್ನಿ" ಎಂದರು. "ಬರಿಗೈಲಿ ಬನ್ನಿ."