ತಂಪಾದ, ಒಣ ಜಾಗದಲ್ಲಿಡಿ

ಎಷ್ಟು ಎಚ್ಚರದಿಂದಿದ್ದರೂ ತಲೆ ತಗ್ಗಿಸುವಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತವೆ. ಹೈದರಾಬಾದಿನ ಒಂದು ಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ಅಲ್ಲೇ ಜೀವಶಾಸ್ತ್ರ ಕಲಿಸುತ್ತಿದ್ದ ನನ್ನ ಹೆಂಡತಿ ಪ್ರತಿವರ್ಷ ಹನ್ನೆರಡನೇ ತರಗತಿಗೆ ಕಾಂಡೋಮ್ ಬಗ್ಗೆ ಒಂದು ಪಾಠ ಮಾಡುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಅದು ನಿಂತುಹೋಗಬಾರದೆಂದು ನಾನೇ ಒಪ್ಪಿಕೊಂಡೆ. ಹೆಂಡತಿಯನ್ನು ಕಳೆದುಕೊಂಡವನು ಕಾಂಡೋಮ್ ಕೊಂಡರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು ಆಮೇಲೆ ಹೊಳೆಯಿತು.

ಔಷಧಿ ಅಂಗಡಿ

ನಾವಿರುವ ಮಲ್ಕಾಜ್‌ಗಿರಿಯಲ್ಲಿ ಎಲ್ಲರೂ ಗುರುತಿನವರು. ಅದಕ್ಕೇ ಬಸ್ಸು ಬದಲಿಸಿಕೊಂಡು ಊರಿನ ಇನ್ನೊಂದು ತುದಿಯ ಕೂಕಟ್‌ಪಲ್ಲಿಗೆ ಹೋದೆ. ಅಂಗಡಿಯವನು ಪೊಟ್ಟಣವನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕಪ್ಪು ಚೀಲಕ್ಕೆ ಹಾಕಿ ಕೊಟ್ಟ. ನಾನು ಎಲ್ಲವನ್ನೂ ಬಿಚ್ಚಿ ತಾರೀಖು ಓದಿದೆ. ಹೊದಿಕೆ ತೂತಾಗಿಲ್ಲ ತಾನೇ, ಒಳಗೆ ಗಾಳಿ ಇದೆಯೇ ಎಂದು ಒಂದೊಂದನ್ನೂ ಒತ್ತಿ ನೋಡಿದೆ. ಹಿಂದೆ ಕಂಪನಿಯ ಕಾರ್ಡು ಕೊರಳಿಗೆ ಹಾಕಿಕೊಂಡ ಇಬ್ಬರು ಸಾಫ್ಟ್‌ವೇರ್ ಹುಡುಗರು. ಇಲ್ಲಿ ಕನ್ನಡ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯದಲ್ಲಿ ಒಬ್ಬ ಹೇಳಿದ, “ನೋಡಲೇ, ಅಜ್ಜಾ ಬದನಿಕಾಯಿ ಆರಿಸಿದಂಗ ಆರಸಾಕತ್ತಾನ!”

ನಾನು ತಿರುಗಿ, “ಸ್ವಲ್ಪ ತಡಿಯಪ್ಪಾ, ಮುಗೀತು” ಎಂದೆ.

ತನ್ನ ಸರದಿ ಬಂದಾಗ ಅವನು ಕಾಂಡೋಮ್‌ಗಳತ್ತ ಕಣ್ಣು ಹಾಯಿಸಿ, ನನ್ನತ್ತ ನೋಡಿ, ಕೆಮ್ಮಿನ ಔಷಧಿ ಕೇಳಿದ.

ನೂರಕ್ಕೆ ನೂರು

ತರಗತಿಯಲ್ಲಿ ಗೋಡೆ ನೋಡುತ್ತಲೇ ಪಾಠ ಮಾಡಿದೆ. ತಾರೀಖು ನೋಡಬೇಕು, ಹಲ್ಲಿನಿಂದ ಹರಿಯಬಾರದು, ಎಣ್ಣೆ ಹಚ್ಚಬಾರದು, ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಾರದು, ಬಿಸಿಲಲ್ಲಿ ಮತ್ತು ಪರ್ಸಿನಲ್ಲಿ ಇಡಬಾರದು.

“ಸರ್, ಇದನ್ನ ಪೂರ್ತಿ ನಂಬಬಹುದಾ?” ಹುಡುಗಿಯೊಬ್ಬಳು ಕೇಳಿದಳು.

“ಪ್ರತಿಸಲ ಸರಿಯಾಗಿ ಬಳಸಿದರೆ ಬಹಳ ಮಟ್ಟಿಗೆ ನಂಬಬಹುದು. ಆದರೆ ನೂರಕ್ಕೆ ನೂರು ಅಲ್ಲ.”

ಆಕೆ ನಿಟ್ಟುಸಿರು ಬಿಟ್ಟಳು. “ನೀವು ಯಾವುದಕ್ಕೆ ಕೊಟ್ಟಿದ್ದೀರಿ ಸರ್, ನೂರಕ್ಕೆ ನೂರು?”

ಸೀರೆಯ ಕಪಾಟು

ಪಾಠ ಮುಗಿದು ಉಳಿದ ಕಾಂಡೋಮ್‌ಗಳನ್ನು ಮುಂದಿನ ವರ್ಷಕ್ಕೆಂದು ಎತ್ತಿಟ್ಟೆ. ಬೇಸಿಗೆಯಲ್ಲಿ ನಮ್ಮ ಮನೆ ಒಲೆಯಂತೆ ಕಾಯುತ್ತದೆ. ತಂಪಾಗಿರುವುದು ಒಳಕೋಣೆಯ ಕಪಾಟೊಂದೇ, ಅಂದರೆ ಹೆಂಡತಿಯ ಸೀರೆಗಳ ಕಪಾಟು. ಅವಳು ಪಾಠಕ್ಕೆ ಬಳಸುತ್ತಿದ್ದ ಹಳೆಯ ಪೊಟ್ಟಣವೂ ಅಲ್ಲೇ ಇತ್ತು. ಎಸೆಯಲು ಕೈ ಬಂದಿರಲಿಲ್ಲ. ಹೊಸದನ್ನು ಅದರ ಪಕ್ಕದಲ್ಲಿಟ್ಟೆ.

ತಮ್ಮ ಮಗಳು ತೀರಿಕೊಂಡ ಮೇಲೆ ನನ್ನ ಜೊತೆಗೇ ಇರುವ ಅತ್ತೆ ಒಂದು ದಿನ ಸೀರೆಗಳನ್ನು ಗಾಳಿಗೆ ಹಾಕಲು ಕಪಾಟು ತೆಗೆದರು. ಮಧ್ಯಾಹ್ನ ಊಟಕ್ಕೆ ಕೂತರೆ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಎರಡೂ ಪೊಟ್ಟಣ!

“ಅಳಿಯಂದ್ರ, ನೀವು ಇನ್ನೊಂದು ಮದಿವಿ ಆಗೂದಿದ್ರ ನಾ ಅಡ್ಡ ಬರಂಗಿಲ್ಲ,” ಅತ್ತೆ ರೊಟ್ಟಿ ಬಡಿಸುತ್ತ ಹೇಳಿದರು. “ಆದ್ರ ಆಕಿ ಸೀರಿ ನಡುವ ಇಡಬ್ಯಾಡ್ರಿ.”

ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ತೊದಲುತ್ತ ಎಲ್ಲ ಹೇಳಿದೆ. ಅದು ಆಕೆಯ ಪಾಠ, ಮಕ್ಕಳಿಗಾಗಿ, ಈಗ ನಾನು ಮಾಡುತ್ತಿದ್ದೇನೆ ಎಂದೆ.

ಅತ್ತೆ ರೊಟ್ಟಿಯ ಬುಟ್ಟಿ ಕೆಳಗಿಟ್ಟರು. ಸೆರಗಿನಿಂದ ಕಣ್ಣೊರೆಸಿ, ಕನ್ನಡಕ ಏರಿಸಿ, ಹಳೆಯ ಪೊಟ್ಟಣವನ್ನು ಬೆಳಕಿಗೆ ಹಿಡಿದರು.

“ಪಾಠ ಮಾಡ್ತೀರಿ, ಖರೆ. ಇದರ ತಾರೀಖ ಮುಗದ ಹೋಗೈತಲ್ರೀ! ಆಕಿ ಇದ್ದಿದ್ರ ನಿಮ್ಮನ್ನ ಬೆಂಚಿನ ಮ್ಯಾಲ ನಿಲ್ಲಸ್ತಿದ್ಲು.”