ಪಾಂಚಗಣಿಯಲ್ಲಿ ನಾನು ಮಾಮಾ ಆದದ್ದು

ನಮ್ಮ ವಿಜಾಪುರ, ಧಾರವಾಡದ ಕಡೆಯ ಜನ ಎದುರಾದರೆ ಮೊದಲು ಕೇಳುವುದು ‘ಆರಾಮ ಅದೀರಿ?’ ಎಂದು. ಅದಕ್ಕೆ ಉತ್ತರ ‘ಆರಾಮ್ರಿ’. ಈ ಉತ್ತರಕ್ಕೂ ಅದನ್ನು ಕೊಟ್ಟವನ ಸ್ಥಿತಿಗೂ ಸಂಬಂಧ ಇರಬೇಕೆಂಬ ನಿಯಮವೇನೂ ಇಲ್ಲ. ನಮ್ಮ ದೊಡ್ಡಪ್ಪ ಒಬ್ಬರು ಕಾಲು ಮುರಿದುಕೊಂಡು, ಆ ಕಾಲನ್ನು ಮೇಲಕ್ಕೆ ತೂಗುಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ, ನೋಡಲು ಬಂದವರಿಗೆಲ್ಲ ‘ಆರಾಮ್ರಿ, ನೀವು?’ ಎನ್ನುತ್ತಿದ್ದರು. ಹೀಗೆ ಹುಟ್ಟಿದಾಗಿನಿಂದ ಬಾಯಲ್ಲಿ ಆಡಿಸುತ್ತ ಬಂದ ಈ ಆರಾಮ ಎಂಬ ಪದಾರ್ಥವನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕು ಎಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಪುಣೆಯಲ್ಲಿ ಅದು ಕಾಣುವಂತಿರಲಿಲ್ಲ. ನಾವು ಮೂವರು ಅವಿವಾಹಿತರು ಚಿಂಚವಾಡದಲ್ಲಿ ರೈಲು ಹಳಿಯ ಪಕ್ಕದ ಮನೆಯೊಂದರಲ್ಲಿ ಇದ್ದೆವು. ಲೋಕಲ್ ಗಾಡಿ ಹೋದಾಗಲೆಲ್ಲ ನಮ್ಮ ಪಾತ್ರೆಗಳು ತಾವಾಗಿಯೇ ಜಾಗ ಬದಲಾಯಿಸುತ್ತಿದ್ದವು. ನಾನು ಯಂತ್ರಗಳ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಗುಮಾಸ್ತ. ವಿಜಾಪುರದ ಶಾಮ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಮಾಲು ಪರೀಕ್ಷಿಸುವ ಇನ್‌ಸ್ಪೆಕ್ಟರ್. ಯಂತ್ರದ ಸದ್ದನ್ನು ಮೀರಿ ಮಾತಾಡಿ ಮಾತಾಡಿ, ಮನೆಯಲ್ಲಿ ಉಪ್ಪು ಕೇಳುವಾಗಲೂ ಪಕ್ಕದ ವಠಾರಕ್ಕೆ ಕೇಳಿಸುವಂತೆ ಕೇಳುತ್ತಿದ್ದ. ಮೂರನೆಯವನು ಕುಂದಾಪುರದ ಕಡೆಯ ರಮೇಶ. ತನ್ನ ಸೋದರಮಾವನ ಹೋಟೆಲಿನ ಗಲ್ಲೆಯ ಮೇಲೆ ಕೂರುತ್ತಿದ್ದ. ಊರಿಗೆಲ್ಲ ರವಿವಾರ ರಜೆಯಾದರೆ ಅವನಿಗೆ ಅಂದು ದುಪ್ಪಟ್ಟು ಕೆಲಸ.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ, ಮಳೆಗಾಲ ಆಗಷ್ಟೇ ಮುಗಿದಿತ್ತು. ಶಾಮ ಒಂದು ಸಂಜೆ ಬಂದವನೇ ಬೂಟು ಕೂಡ ಬಿಚ್ಚದೆ ಘೋಷಿಸಿದ: “ಲೇ, ಈ ಶನಿವಾರ ಪಾಂಚಗಣಿಗೆ ಹೋಗೂಣು. ಎರಡು ದಿನ ಏನೂ ಮಾಡೂದು ಬ್ಯಾಡ. ಬರೇ ಆರಾಮ!”

ಆ ಮಾತು ನಮ್ಮ ಮೇಲೆ ಮಾಡಿದ ಪರಿಣಾಮವನ್ನು ಹೇಗೆ ಹೇಳಲಿ! ರಮೇಶ ಮಾವನ ಕೈಕಾಲು ಹಿಡಿದು ರಜೆ ಪಡೆದ. ಮಾವನ ಕ್ಯಾಮೆರಾವನ್ನೂ ಪಡೆದ. “ನಾನು ಪುಣೆಗೆ ಬಂದ ಮೇಲೆ ಗುಡ್ಡ ಅಂತ ನೋಡಿದ್ದು ಇಡ್ಲಿ ಹಿಟ್ಟಿನದ್ದು ಮಾತ್ರ ಮಾರಾಯ” ಎಂದು ಕಣ್ಣಲ್ಲಿ ನೀರು ತಂದುಕೊಂಡ. ನಾನೋ ಲಕ್ಷ್ಮೀ ರಸ್ತೆಗೆ ಹೋಗಿ, ಆರಾಮ ಮಾಡುವವರು ಹಾಕಿಕೊಳ್ಳುತ್ತಾರೆಂದು ಕೇಳಿದ್ದ ಬರ್ಮುಡಾ ಚಡ್ಡಿಯನ್ನು ಕೊಂಡೆ. ಅದರ ತುಂಬ ಹಸಿರು ಗಿಳಿಗಳು, ನಡುನಡುವೆ ತೆಂಗಿನ ಮರ. ಪ್ಯಾಂಟು ಎಂಬುದು ಕಚೇರಿಯ ಸಂಕೇತ, ಆದ್ದರಿಂದ ಮೈಮೇಲಿನದೊಂದು ಬಿಟ್ಟು ಬೇರೆ ಪ್ಯಾಂಟನ್ನು ಚೀಲಕ್ಕೆ ಸೇರಿಸಕೂಡದು ಎಂದು ತೀರ್ಮಾನಿಸಿದೆ. ನನ್ನ ಜೀವನದಲ್ಲಿ ನಾನು ತತ್ವಕ್ಕೆ ಅಂಟಿಕೊಂಡಾಗಲೆಲ್ಲ ಪೆಟ್ಟು ತಿಂದಿದ್ದೇನೆ.

ಸ್ವಾರಗೇಟಿನಲ್ಲಿ ಕೆಂಪು ಎಸ್‌ಟಿ ಬಸ್ಸು ಹತ್ತಿದೆವು. ಶಾಮನ ಕೈಯಲ್ಲಿ ಚೀಲದ ಜೊತೆಗೆ ಹ್ಯಾಂಗರಿಗೆ ಹಾಕಿದ, ಗರಿಗರಿ ಇಸ್ತ್ರಿಯ ಬಿಳಿ ಅಂಗಿಯೊಂದಿತ್ತು. ಆರಾಮಕ್ಕೆ ಇಸ್ತ್ರಿ ಯಾಕೋ ಎಂದರೆ, “ಗುಡ್ಡದ ಮ್ಯಾಲೆ ಬಿಳೇ ಅಂಗಿಗೆ ಫೋಟೋ ಛಲೋ ಬರ್ತಾವ” ಎಂದ. ಜನ ನೂಕಿದಾಗ ತಾನು ಬಾಗಿದ, ಅಂಗಿಯನ್ನು ಬಾಗಗೊಡಲಿಲ್ಲ. ಕಡೆಗೆ ಅದನ್ನು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂರಿಸಿ, ತಾನು ತುದಿಯಲ್ಲಿ ಅರ್ಧ ಕುಳಿತ. ಕಂಡಕ್ಟರ್ ಬಂದು ಅಂಗಿಯನ್ನೇ ದಿಟ್ಟಿಸಿ, “ಯಾಚಂ ತಿಕೀಟ್?” ಎಂದು ಮರಾಠಿಯಲ್ಲಿ ಅದರ ಟಿಕೆಟ್ಟು ಕೇಳಿದ. ಬಸ್ಸೆಲ್ಲ ನಕ್ಕಿತು. ಯಾವಾಗಲೂ ಒಂದಕ್ಕೆ ಹತ್ತು ಮಾತಾಡುವ ಶಾಮ ಅಂದು ಒಂದೂ ಆಡಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಆದರೆ ವಾಯಿ ದಾಟಿ ಪಸರಣಿ ಘಾಟು ಶುರುವಾದ ಮೇಲೆ ಅನುಮಾನಕ್ಕೆ ಮನಸ್ಸೆಲ್ಲಿ! ಬಸ್ಸು ತಿರುಗಿದಂತೆಲ್ಲ ಕೆಳಗೆ ಕೃಷ್ಣೆಯ ಬಯಲು, ಗದ್ದೆಗಳ ಹಸಿರು ಚೌಕ, ಅಣೆಕಟ್ಟಿನ ನೀರು ಒಮ್ಮೆ ಎಡಕ್ಕೆ ಕಾಣುತ್ತಿತ್ತು, ಒಮ್ಮೆ ಬಲಕ್ಕೆ. ಮೋಡವೊಂದು ಕಿಟಕಿಯಿಂದ ಒಳಗೆ ಬಂದು ರಮೇಶನ ಮುಖ ಒದ್ದೆ ಮಾಡಿ ಆಚೆಯ ಕಿಟಕಿಯಿಂದ ಹೊರಟುಹೋಯಿತು. ಅವನು ಎದ್ದು ನಿಂತು, “ಅಯ್ಯಯ್ಯೋ, ಮೋಡ ಮಾರಾಯ, ಮೋಡ!” ಎಂದು ಕೂಗಿದ. ನಾನೂ ಕೂಗಿದೆ. ಶಾಮ ಮೈ ಅಡ್ಡ ಕೊಟ್ಟು ಕಾಪಾಡಿದ ಅಂಗಿಯೊಂದನ್ನು ಬಿಟ್ಟು ನಮ್ಮ ಸಾಲಿನಲ್ಲಿ ಎಲ್ಲರೂ ಒದ್ದೆಯಾಗಿದ್ದೆವು. ನನ್ನ ಪ್ಯಾಂಟಿನ ಮೇಲಂತೂ ಮೋಡದ ಜೊತೆಗೆ ಮುಂದಿನ ಸೀಟಿನವರ ಚಹವೂ ಚೆಲ್ಲಿತ್ತು.

ಲಾಡ್ಜಿನಲ್ಲಿ ಪ್ಯಾಂಟನ್ನು ನೀರಿಗೆ ಹಾಕಿ, ಗಿಳಿಗಳನ್ನು ಧರಿಸಿ, ಮಂಚದ ಮೇಲೆ ಉದ್ದಕ್ಕೆ ಚಾಚಿ, ‘ಇದೇ ಏನಪ್ಪಾ ಅದು?’ ಎಂದು ಆರಾಮವನ್ನು ಆಗಷ್ಟೇ ಗುರುತು ಹಿಡಿಯುತ್ತಿದ್ದೆ. ಕಣ್ಣು ತೆರೆದರೆ ಎದುರಿಗೆ ಶಾಮ. ಬಿಳಿ ಅಂಗಿ ತೊಟ್ಟಿದ್ದ. ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದ. ಮುಖದಲ್ಲಿ ನೇಣಿಗೆ ಹೊರಟವನ ಕಳೆ.

“ಲೇ, ಏಳು. ಕನ್ಯಾ ನೋಡಲಿಕ್ಕೆ ಹೋಗಬೇಕು” ಎಂದ.

“ಯಾರಿಗೋ?”

“ನನಗ.”

ವಿಷಯ ಹೀಗಿತ್ತು. ಹುಡುಗಿ ವೈಜಯಂತಿ, ಧಾರವಾಡದವಳು. ಇಲ್ಲಿನ ಒಂದು ವಸತಿ ಶಾಲೆಯಲ್ಲಿ ಭೂಗೋಳದ ಶಿಕ್ಷಕಿ. ತಾಯಿಯೊಡನೆ ಇಲ್ಲೇ ಬಾಡಿಗೆ ಮನೆಯಲ್ಲಿದ್ದಳು. ಶಾಮನ ತಂದೆಗೆ ಕಣ್ಣಿನ ಆಪರೇಷನ್ ಆಗಿದ್ದರಿಂದ ವಿಜಾಪುರದಿಂದ ಬರುವಂತಿರಲಿಲ್ಲ. ‘ಪುಣೆಯಲ್ಲಿ ಯಾರಾದರೂ ಹಿರಿಯರಿದ್ದರೆ ಕರೆದುಕೊಂಡು ಹೋಗಿ ನೋಡಿ ಬಾ’ ಎಂದು ಫೋನಿನಲ್ಲಿ ಅಪ್ಪಣೆಯಾಗಿತ್ತು. ಪುಣೆಯಲ್ಲಿ ಶಾಮನಿಗಿದ್ದವರು ನಾವಿಬ್ಬರೇ.

“ಮೊದಲ ಹೇಳಲಿಕ್ಕೆ ಏನಾಗಿತ್ತೋ ನಿನಗ?”

“ಹೇಳಿದ್ದರ ಇಡೀ ಚಿಂಚವಾಡಕ್ಕ ಡಂಗುರಾ ಹೊಡೀತಿದ್ರಿ. ಫೋಟೋ ನೋಡೇನಿ ದೋಸ್ತ. ಭಾಳ ಮನಸಿಗೆ ಬಂದಾಳ. ಈ ಸಂಬಂಧ ತಪ್ಪಿದರ ನಾ ಮತ್ತ ಲಗ್ನದ ಮಾತ ಆಡೂದಿಲ್ಲ” ಎಂದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. ತಮಾಷೆ ಮಾಡಲು ತೆರೆದ ಬಾಯನ್ನು ಮುಚ್ಚಿದೆ.

ನಮ್ಮಲ್ಲಿ ಹಿರಿಯರು ಯಾರು ಎಂಬ ಪ್ರಶ್ನೆ ಚರ್ಚೆಯಿಲ್ಲದೆ ತೀರ್ಮಾನವಾಯಿತು. ಇಬ್ಬರೂ ನನ್ನ ತಲೆಯನ್ನು ನೋಡಿದರು. ಮೂವರದೂ ಒಂದೇ ವಯಸ್ಸು. ಆದರೆ ಪುಣೆಗೆ ಬಂದ ಮೇಲೆ ನನ್ನ ಹಣೆ ಹಿಂದಕ್ಕೆ ಸರಿಯುತ್ತ ಹೋಗಿ ನಡುನೆತ್ತಿಯನ್ನು ಮುಟ್ಟಿತ್ತು. ದಪ್ಪ ಚಷ್ಮಾ ಬೇರೆ. “ನೀನು ಹುಡುಗನ ಸೋದರಮಾವ. ಇವರೇ ಮಾಮಾ ಅಂದರೆ ದೇವರು ಕೂಡ ನಂಬ್ತಾನೆ” ಎಂದ ರಮೇಶ. ಅಡ್ಡಿ ಒಂದೇ, ಗಿಳಿಗಳು. ಗಿಳಿ ತೊಟ್ಟ ಸೋದರಮಾವನನ್ನು ಧಾರವಾಡದ ಯಾವ ತಾಯಿಯೂ ಒಪ್ಪಲಾರಳು. ರಮೇಶ ರಾತ್ರಿ ಉಟ್ಟು ಮಲಗುವ ಬಿಳಿ ಪಂಚೆಯನ್ನು ನನಗೆ ಉಡಿಸಿದರು. ಮೇಲಿನ ಬಣ್ಣದ ಟೀ ಶರ್ಟನ್ನು ಮುಚ್ಚಲು ಏನಾದರೂ ಬೇಕಿತ್ತು. ಕೆಳಗೆ ಲಾಡ್ಜಿನ ಮ್ಯಾನೇಜರು ಕಂದು ಶಾಲು ಹೊದ್ದು ಪೇಪರ್ ಓದುತ್ತಿದ್ದರು. ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಮುಲಗಿ ಬಘಾಯ್ಲಾ?” ಎಂದರು. ಹೌದು, ಹುಡುಗಿ ನೋಡಲಿಕ್ಕೇ ಎಂದದ್ದೇ ತಡ, “ಅರೇ ವಾ! ಘ್ಯಾ, ಘ್ಯಾ” ಎನ್ನುತ್ತ ಶಾಲನ್ನು ತಾವೇ ನನ್ನ ಹೆಗಲಿಗೆ ಹಾಕಿ ಮಡಿಕೆ ಸರಿಮಾಡಿದರು. ಕನ್ನಡಿಯಲ್ಲಿ ನೋಡಿಕೊಂಡೆ. ನನಗೇ ನನಗೆ ನಮಸ್ಕಾರ ಮಾಡಬೇಕೆನಿಸಿತು.

ವೈಜಯಂತಿಯ ತಾಯಿ ಗಂಭೀರ ಹೆಂಗಸು. ಗಂಡನನ್ನು ಕಳೆದುಕೊಂಡು, ಇದ್ದೊಬ್ಬ ಮಗಳನ್ನು ಓದಿಸಿ ದಡ ಸೇರಿಸಿದವರು. “ಬರ್ರಿ, ಬರ್ರಿ, ಕೂಡ್ರಿ. ತಾವು ಹುಡುಗನ ಮಾಮಾ ಅಲ್ಲರಿ?” ಎಂದರು. “ಹೌದ್ರಿ” ಎಂದು ನಾನು ಕೆಮ್ಮಿದೆ. ಹಿರಿಯರು ಮಾತಿಗೆ ಮೊದಲು ಕೆಮ್ಮುವುದನ್ನು ನೋಡಿದ್ದೆ. ಹುಡುಗಿ ಅವಲಕ್ಕಿ, ಶಿರಾ ತಂದಿಟ್ಟು ತಾನೂ ಕುರ್ಚಿ ಎಳೆದುಕೊಂಡು ಕುಳಿತಳು. ಕಣ್ಣಲ್ಲಿ ಇಡೀ ತರಗತಿಯನ್ನು ಸುಮ್ಮನಿರಿಸುವ ಚುರುಕು. ಶಾಮ ಮಾತಾಡಬೇಕು ಎಂದು ಎಲ್ಲರೂ ಕಾದೆವು. ಅವನ ಬಾಯಿಗೆ ಬೀಗ ಬಿದ್ದಿತ್ತು. ನೆಲದ ಹಾಸುಗಲ್ಲನ್ನು, ಅದೂ ತನ್ನ ಕಾರ್ಖಾನೆಯ ಮಾಲೋ ಎನ್ನುವಂತೆ, ಪರೀಕ್ಷೆ ಮಾಡುತ್ತಿದ್ದ. ಕೆಲಸ ಹೆಂಗದರಿ ಎಂದರೆ ತಲೆಯಾಡಿಸಿದ. ಊರು ಎಂಥಾದ್ದು ಎಂದರೂ ತಲೆಯಾಡಿಸಿದ. ತಾಯಿಯ ಹುಬ್ಬು ಗಂಟಾಗತೊಡಗಿತು. ಸಂಬಂಧ ಕಣ್ಣೆದುರೇ ಘಾಟಿನಿಂದ ಕೆಳಗೆ ಉರುಳುತ್ತಿತ್ತು.

“ನಮ್ಮ ಶಾಮ ಭಾಳ ಶಾಂತ ಸ್ವಭಾವದಂವ್ರಿ” ಎಂದೆ. ರಮೇಶನಿಗೆ ಅವಲಕ್ಕಿ ನೆತ್ತಿಗೇರಿತು. ನಾನು ನಿಲ್ಲಿಸಲಿಲ್ಲ. “ಬೆಳಗಾಗೂಕಿಂತ ಮೊದಲ ಏಳ್ತಾನ. ತನ್ನ ಅರಿವಿ ತಾನ ಒಗಕೋತಾನ. ಜ್ವಾಳದ ರೊಟ್ಟಿ ಬಡೀತಾನ್ರಿ! ಅವ ಬಡದ ರೊಟ್ಟಿ ಉಬ್ಬಿದರ ಪುರಿ ನಾಚಬೇಕು!” ಹೇಳುತ್ತ ಹೇಳುತ್ತ ನನಗೆ ಉತ್ಸಾಹ ಏರಿತು. ಇವೆಲ್ಲ ಅವನ ಗುಣಗಳಲ್ಲ, ನನ್ನವು ಎಂಬುದು ಸ್ವಲ್ಪ ತಡವಾಗಿ ಹೊಳೆಯಿತು. ಅವಸರದಲ್ಲಿ ಬೇರೆ ಯಾರ ಗುಣಗಳೂ ಕೈಗೆ ಸಿಗಲಿಲ್ಲ.

ವೈಜಯಂತಿ ಮೊದಲ ಸಲ ಬಾಯಿ ತೆರೆದಳು. “ಹೌದ್ರಿ? ಅವ್ವಾ, ಧಾರವಾಡದಿಂದ ಹಿಟ್ಟು ಬಂದದಲ್ಲ. ಇವರು ಬಡದ ತೋರಸಲಿ.”

ಶಾಮ ನನ್ನನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ. ಎದ್ದು, ತೋಳು ಮಡಚಿಕೊಂಡು, ಅವಳ ಹಿಂದೆ ಒಳಗೆ ಹೋದ. ನಾವು ಹೊರಗೆ ಕಿವಿಗೊಟ್ಟು ಕುಳಿತೆವು. ಡಬ್ಬಿಯ ಮುಚ್ಚಳದ ಸದ್ದು. ಆಮೇಲೆ ತಟ್ ತಟ್ ಎಂದು ಬಡಿಯುವ ಸದ್ದು. ಆಮೇಲೆ ಏನೋ ತವೆಯ ಮೇಲೆ ಬಿದ್ದ ಸದ್ದು. ಸ್ವಲ್ಪ ಹೊತ್ತಿಗೆ ಹುಡುಗಿಯ ದನಿ: “ಆಸ್ಟ್ರೇಲಿಯಾ ಛಲೋ ಬಂದದರಿ. ಕೆಳಗಿನ ನಡುಗಡ್ಡೆ ಮಾತ್ರ ತವಾಕ್ಕ ಹತ್ತೇದ ನೋಡ್ರಿ.”

ಆಗ ಬೀಗ ಒಡೆಯಿತು. ಯಂತ್ರದ ಸದ್ದನ್ನು ಮೀರುವ ಶಾಮನ ನಿಜವಾದ ದನಿ ಇಡೀ ಮನೆಗೆ ಕೇಳಿಸಿತು: “ನೋಡ್ರಿ, ನನಗ ರೊಟ್ಟಿ ಬರೂದಿಲ್ಲ. ಬೆಳಿಗ್ಗೆ ಏಳೂದೂ ಬರೂದಿಲ್ಲ. ನಾ ಶಾಂತನೂ ಅಲ್ಲ. ಹೊರಗ ಕೂತಾನಲ್ಲ, ಅಂವ ಮಾಮಾನೂ ಅಲ್ಲ ಗೀಮಾನೂ ಅಲ್ಲ, ನನ್ನ ರೂಮಿನ್ಯಾಂವ! ರೊಟ್ಟಿ ಬಡಿಯಾಂವ ಅಂವ. ಆ ಶಾಲು ಲಾಡ್ಜಿನ ಮ್ಯಾನೇಜರಂದು. ಧೋತರಾ ರಮೇಶಂದು. ನಿಮ್ಮ ಫೋಟೋ ನೋಡಿದಾಗಿಂದ ನನಗ ತಲಿ ಕೆಟ್ಟದ, ಅದಕ್ಕ ಹಿಂಗ ಮಾಡೇವಿ. ಸಿಟ್ಟಿಗೇಳೂದಿದ್ದರ ನನ್ನ ಮ್ಯಾಲೆ ಏಳ್ರಿ, ಅವರ ಮ್ಯಾಲೆ ಬ್ಯಾಡ.”

ಹೊರಗೆ ತಾಯಿ ನನ್ನನ್ನು ನೋಡಿದರು. ಮೊದಲು ಶಾಲು, ಆಮೇಲೆ ಪಂಚೆ. ನಿಧಾನವಾಗಿ ಕೇಳಿದರು: “ಹಂಗಾದರ ನಿಮ್ಮದು ಅಂತ ಏನದರಿ?”

“ಚಷ್ಮಾ ನಂದರಿ” ಎಂದೆ.

ಮೊದಲು ನಗು ಬಂದದ್ದು ಅಡುಗೆಮನೆಯಿಂದ. ತಡೆದು ತಡೆದು ಕೊನೆಗೆ ತಡೆಯಲಾರದ ನಗು. ಆಮೇಲೆ ಆ ಗಂಭೀರ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ತಿರುಗಿ ಅಲುಗಾಡತೊಡಗಿದರು. ಕಣ್ಣೊರೆಸಿಕೊಂಡು, “ಏಳ್ರಿ. ಕಲಸಿದ ಹಿಟ್ಟು ಹಾಳ ಮಾಡೂದು ಬ್ಯಾಡ” ಎಂದರು. ಹೀಗೆ ಆರಾಮಕ್ಕೆಂದು ಗುಡ್ಡ ಹತ್ತಿದ ನಾನು, ಪರರ ಪಂಚೆ ಉಟ್ಟು, ಪರರ ಒಲೆಯ ಮುಂದೆ, ಕನ್ಯಾಪರೀಕ್ಷೆಗೆ ಬಂದವರಿಗೆಲ್ಲ ರೊಟ್ಟಿ ಬಡಿದೆ. ಒಂದೊಂದೂ ಉಬ್ಬಿತು. ರಮೇಶ ಎಲ್ಲದರ ಫೋಟೋ ತೆಗೆದ.

ಆದರೂ ಉತ್ತರ ಸಿಕ್ಕಿರಲಿಲ್ಲ. ನಕ್ಕವರೆಲ್ಲ ಒಪ್ಪುತ್ತಾರೆಂದು ಎಲ್ಲಿದೆ? ಮರುದಿನ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ನಮ್ಮೊಡನೆ ಟೇಬಲ್ ಲ್ಯಾಂಡಿಗೆ ಬಂದರು. ಗುಡ್ಡದ ನೆತ್ತಿಯ ಮೇಲೆ ಯಾರೋ ಅಂಗಳ ಸಾರಿಸಿಟ್ಟಂಥ ಬಯಲು ಅದು. ರಮೇಶ ಕುದುರೆ ಹತ್ತಿ, “ಇಳಿಯುವುದು ಹೇಗೆ ಮಾರಾಯ್ರೆ!” ಎಂದು ಕೂಗುತ್ತ ಮಂಜಿನಲ್ಲಿ ಮಾಯವಾದ. ಶಾಮ ಮತ್ತು ವೈಜಯಂತಿ ಮುಂದೆ ಮುಂದೆ ನಡೆದರು; ಶಾಮ ಕೈ ಬೀಸಿ ಬೀಸಿ ಮಾತಾಡುತ್ತಿದ್ದ. ನಾನು ತಾಯಿಯ ಛತ್ರಿ ಹಿಡಿದು, ಅವರ ಮೊಣಕಾಲು ನೋವಿನ ಪೂರ್ಣ ಇತಿಹಾಸ ಕೇಳುತ್ತ, ಹಿಂದೆ ಹಿಂದೆ ನಡೆದೆ. ಬಯಲಿನ ಆಚೆ ತುದಿಯಿಂದ ಹುಡುಗಿ ತಿರುಗಿ ಬಂದು ತಾಯಿಗೆ ಹೇಳಿದಳು: “ಅವ್ವಾ, ಸುಳ್ಳು ಹೇಳಿದ್ದು ಇವರು. ಖರೇ ಹೇಳಿದ್ದು ಅವರು. ನನಗ ಅಷ್ಟ ಸಾಕು.” ಆ ‘ಇವರು’ ನಾನು. ಆದರೆ ಆಗ ನನಗೆ ಅದು ಬೈಗುಳ ಅನಿಸಲೇ ಇಲ್ಲ. ಅವಳ ಹಿಂದೆಯೇ ಬಂದ ಶಾಮನನ್ನು ಅಪ್ಪಿಕೊಂಡು ಛತ್ರಿಸಮೇತ ಕುಣಿದುಬಿಟ್ಟೆ. ಮಂಜಿನೊಳಗಿಂದ ಹೊರಬಂದ ರಮೇಶನ ಕುದುರೆ ಬೆದರಿ ಮತ್ತೆ ಮಂಜಿನೊಳಕ್ಕೆ ಹೋಯಿತು.

ಮದುವೆ ಧಾರವಾಡದಲ್ಲಿ ಆಯಿತು. ವೈಜಯಂತಿ ನನ್ನನ್ನು ಬೇಕೆಂದೇ ಎಲ್ಲರೆದುರು ‘ಮಾಮಾ’ ಎಂದೇ ಕರೆದಳು; ಒಂದು ತಾಸಿನಲ್ಲಿ ಇಡೀ ಚಪ್ಪರ ಹಾಗೇ ಕರೆಯತೊಡಗಿತು. ನನ್ನನ್ನು ಹಿರಿಯರ ಸಾಲಿನಲ್ಲಿ ಕೂರಿಸಿದರು, ಎಲೆ ಅಡಿಕೆ ಕೊಟ್ಟರು, ಹಲ್ಲಿನ ಬಗ್ಗೆ ವಿಚಾರಿಸಿದರು. ನಾನೂ ಮದುವೆಯಾಗಬೇಕಾದವನು ಎಂಬುದು ಯಾರಿಗೂ ಹೊಳೆಯಲಿಲ್ಲ; ಬದಲಿಗೆ ಇಬ್ಬರು ತಮ್ಮ ಹೆಣ್ಣುಮಕ್ಕಳಿಗೆ ಪುಣೆಯಲ್ಲಿ ‘ಒಳ್ಳೆ ಹುಡುಗ ಇದ್ದರ ನೋಡ್ರಿ ಮಾಮಾ’ ಎಂದು ಹೇಳಿಹೋದರು. ಅಷ್ಟರಲ್ಲಿ ಎದುರಿನ ಗುಂಪಿನಿಂದ ನೀಲಿ ರೇಷ್ಮೆ ಸೀರೆಯ ಹುಡುಗಿಯೊಬ್ಬಳು ನನ್ನನ್ನೇ ನೋಡುತ್ತ, ನಗುತ್ತ, ನೇರವಾಗಿ ನನ್ನ ಕಡೆಗೇ ಬರುತ್ತಿರುವುದು ಕಂಡಿತು. ಚಷ್ಮಾ ಒರೆಸಿ ಹಾಕಿಕೊಂಡೆ, ಇದ್ದಷ್ಟು ಕೂದಲನ್ನು ಮುಂದಕ್ಕೆ ತಂದುಕೊಂಡೆ, ಎದ್ದು ನಿಂತೆ. ಅವಳು ಹತ್ತಿರ ಬಂದಳು. ಸೆರಗನ್ನು ಹೊದ್ದುಕೊಂಡು, ಬಾಗಿ, ನನ್ನ ಎರಡೂ ಪಾದ ಮುಟ್ಟಿ ನಮಸ್ಕಾರ ಮಾಡಿದಳು. ಅಕ್ಕಪಕ್ಕದ ಹಿರಿಯರೆಲ್ಲ ನಾನು ಏನು ಹರಸುತ್ತೇನೆಂದು ಕಾಯುತ್ತಿದ್ದರು.

ನಾನು ಒಮ್ಮೆ ಕೆಮ್ಮಿ, ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದೆ: “ಲಗೂನ ಲಗ್ನ ಆಗಲಿ ತಂಗಿ.”