ಯಡ್ರಾಮಿ ಮ್ಯಾಲೆ ಹಾದ ಇಮಾನ

ಹೈದರಾಬಾದಿನ ಇಮಾನ ಹಾರೂ ಅಡ್ಡಾದಿಂದ ಮುಂಬೈ ಅಡ್ಡಾಕ್ಕ ಎಷ್ಟು ದೂರ, ಎಷ್ಟು ಹೊತ್ತು ಅಂತ ಆಳಂದ ಸೀಮಿಯೊಳಗ ಮೊದಲು ಅಳದಾಂವ ನಾನು. ನಿಜಾಮರ ಕಾಲದ ಮಾತು. ನಾ ಅಳದದ್ದು ಕಂಡವರು ಒಬ್ಬರೂ ಈಗ ಉಳಿದಿಲ್ಲ, ಅದಕ್ಕ ನನ್ನ ಮಾತು ನಂಬಬೇಕು. ಆ ಇಮಾನ ಹಾದಾಗೊಮ್ಮೆ ನಮ್ಮಲ್ಲಿ ಏನಾರ ಒಂದು ಫಜೀತಿ ಆಗೇ ಆಗ್ತಿತ್ತು.

ಎತ್ತಿಲ್ಲದ ಬಂಡಿ

ನಂದು ಮಾದನಹಿಪ್ಪರಗಾ, ಬಂಡಿ ಹೊಡಿಯೂ ಕೆಲಸ. ಕಂದಾಯ ನೋಡಾಕ ಊರಿಗೆ ಬಂದ ಗಿರ್ದಾವರ್ ಸಾಹೇಬರು, ಹೈದರಾಬಾದಿನಾಗ ನಾಷ್ಟಾ ಮಾಡಿ ಇಮಾನ ಹತ್ತಿದ್ರ ಮಧ್ಯಾಹ್ನದ ಊಟ ಮುಂಬೈದಾಗ ಅಂದ್ರು. ನಡುವ ಎತ್ತಿನ ಕೊಳ್ಳ ಬಿಚ್ಚಿ ನೀರು ಕುಡಿಸೂದೆಲ್ಲಿ ಅಂತ ಕೇಳಿದೆ. ಅದಕ್ಕ ಎತ್ತಾ ಇಲ್ಲ ಅಂದ್ರು.

"ಹಂಗಂದ್ರ ದಾರಿ ಪೂರಾ ಇಳಕಲಾ ಇರಬೇಕ್ರಿ" ಅಂದೆ.

ರೊಟ್ಟಿ ಲೆಕ್ಕ

ಆವಾಗ ನನ್ನ ಹೆಂಡತಿ ಚೊಚ್ಚಲ ಬಾಣಂತನಕ್ಕ ತವರೂರು ಯಡ್ರಾಮಿಗೆ ಹೋಗಿದ್ಲು. ಕೂಸು ಹುಟ್ಟಿದ ಸುದ್ದಿ ಬಂತು, ಖರೆ ಅಳಿಯಗ ಕರಿ ಬರಲಿಲ್ಲ. ಕರೀಲಾರದ ಹೋದ್ರ ನಮ್ಮಲ್ಲಿ ಮರ್ಯಾದಿ ಅಲ್ಲ. ದಿನಾ ಆ ಇಮಾನ ಹಾಯೂ ಮುಗಲು ನೋಡಕೋತ ಕುಂತೆ.

ಮನ್ಯಾಗ ಗಡಿಯಾರ ಇರಲಿಲ್ಲ. ಇಮಾನ ಬನ್ನಿ ಗಿಡದ ಮ್ಯಾಲೆ ಕಂಡು ಗುಡಿ ಹಿಂದ ಮರಿ ಆಗೂದ್ರಾಗ ಅವ್ವನ ಹಂಚಿನ ಮ್ಯಾಲೆ ಒಂದು ರೊಟ್ಟಿ ಬೇಯ್ತಿತ್ತು. ಹಂಗ ಊರಿಗೊಂದು ರೊಟ್ಟಿ ಅಂತ ಅಳದು, ಹೈದರಾಬಾದಿಂದ ಮುಂಬೈ ಒಂದು ಬುಟ್ಟಿ ರೊಟ್ಟಿ ದೂರ ಅಂತ ಊರಿಗೆಲ್ಲ ಹೇಳಿದೆ.

"ಯಡ್ರಾಮಿ ಎಷ್ಟು ರೊಟ್ಟಿ ಅಂತ ಹೇಳಲೇ, ಬುತ್ತಿ ಕಟ್ತೇನಿ" ಅಂದ್ಲು ಅವ್ವ.

ಕರಿ ಬಂದಿಲ್ಲ ಅಂದೆ. ಇಬ್ಬರೂ ರೊಟ್ಟಿ ಮರತು ಮ್ಯಾಲೆ ನೋಡಿದ್ವಿ. ಅವತ್ತು ಮುಂಬೈ ದಾರಿ ಹಂಚಿನ ಮ್ಯಾಲೆ ಕರಕಾತು.

ಕಾಲಿಗೆ ನೀರು

ಯಡ್ರಾಮಿ ಕಡಿ ಹೊಂಟ ಬಳಿಗಾರಗ, "ಇಮಾನ ಹಾದಾಗ ನೋಡು, ನನ್ನ ಜೀವ ಅದರಾಗ ಅದ ಅಂತ ನನ್ನ ಹೆಂಡತಿಗೆ ಹೇಳು" ಅಂದೆ. ಅಂವ ಅಫಜಲಪುರ ದಾಟಿ, ಭೀಮಾ ನದಿ ದಾಟಿ ಹೋಗೂದ್ರಾಗ ಜೀವ ಅನ್ನೂ ಮಾತು ಎಲ್ಲೋ ಬಿತ್ತು. "ನಿನ್ನ ಗಂಡ ಅದರಾಗ ಇದ್ದಾನ" ಅಂತ ಹೇಳಿದ.

ಅಳಿಯ ಇಮಾನದಾಗ ಬರಾಕತ್ಯಾನ, ಮತ್ತ ಕರಿ ಯಾಕ ಕಳಸಬೇಕು ಅಂತ ಅವರ ಲೆಕ್ಕ. ಅತ್ತಿ ದಿನಾ ಇಮಾನ ಇಳಿಯೂ ಜಾಗ ಅಂತ ಕಣದಾಗ ಕಾಲಿಗೆ ನೀರಿಟ್ಟು ಕಾದಳಂತ. ನಾ ಇಲ್ಲಿ ಕರಿ ಕಾದೆ.

ಕಡೀಕ ಹೆಂಡತಿ ತಾನಾ ಬಂಡಿ ಕಟ್ಟಿಸ್ಕೊಂಡು ಬಂದ್ಲು. ಕೂಸನ್ನ ನನ್ನ ಕೈಯಾಗ ಕೊಟ್ಟು ಅಂದ್ಲು: "ನಿಮ್ಮ ಹಾದಿ ನೋಡಿ ನೋಡಿ ಇದಕ್ಕ ಹಲ್ಲು ಬಂದ್ವು."

ಇಮಾನದ ಹಾದಿ

ಆಕಿ ತೀರಿ ಹೋಗಿ ಭಾಳ ವರ್ಷ ಆತು. ಮೊನ್ನೆ ಇದನ್ನೆಲ್ಲ ಹೇಳಿ, ಆ ಇಮಾನ ಯಡ್ರಾಮಿ ಮ್ಯಾಲೆ ಆಕಿ ಸಲುವಾಗಿ ಒಂದು ಸುತ್ತು ಹೊಡದಾ ಮುಂಬೈಗೆ ಹೋಗ್ತಿತ್ತು ಅಂದೆ. ಮೊಮ್ಮಗನ ಹೆಂಡತಿ ಯಡ್ರಾಮಿ ಹೆಣ್ಣು, ತೊಗರಿ ಹಸನ ಮಾಡಾಕತ್ತಾಕಿ ಮೊರ ಕೆಳಗಿಟ್ಲು.

"ಮುತ್ಯಾ, ಮುಂಬೈ ಪಡುವಣಕ್ಕ, ನಮ್ಮೂರು ತೆಂಕಣಕ್ಕ. ಇಮಾನ ನಮ್ಮೂರ ಮ್ಯಾಲೆ ಯಾಕ ಹೋಗ್ತಿತ್ರಿ?"

ಟವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡೆ.

"ಆಕಿ ಅಲ್ಲಿದ್ಲವ್ವಾ. ಮತ್ತೆಲ್ಲಿಗೆ ಹೋಗಬೇಕಿತ್ತು ಅದು?"